ತೀರ್ಥಹಳ್ಳಿಯವನಾಗಿ ‘ಮಲೆಗಳಲ್ಲಿ ಮದುಮಗಳು’ ಅರ್ಧಕ್ಕೇ ಬಿಟ್ಟೆ, ತಪ್ಪಾ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿಯವನು. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ದಿನಾ ಬಸ್ಸಲ್ಲಿ ಹೋಗಿ ಬರುವಾಗ ಮೊಬೈಲ್ ನೋಡಿ ನೋಡಿ ಸಾಕಾಗಿ ಈ ಮಳೆಗಾಲದಲ್ಲಿ ಕಾದಂಬರಿ ಹಿಡಿದೆ. ‘ಘಾಚರ್ ಘೋಚರ್’ ಒಂದೇ ದಿನಕ್ಕೆ ಮುಗಿಯಿತು, ಅದರಲ್ಲಿ ಏನೂ ನಡೆಯಲ್ಲ, ಆದರೂ ಹೆದರಿಕೆಯಾಯಿತು. ‘ಕರ್ವಾಲೊ’ ನಗಿಸಿತು, ಆದರೆ ಕೊನೆಗೂ ಆ ಓತಿ ಕೈಗೆ ಸಿಗಲ್ಲ, ಅದೂ ಅಲ್ಲದೆ ಹಾರೋ ಓತಿ ನಮ್ಮ ತೋಟದಲ್ಲೇ ಇದೆ, ಅಷ್ಟೊಂದು ಹುಡುಕಾಟ ಯಾಕೆ? ‘ಸಂಸ್ಕಾರ’ ಅರ್ಧದವರೆಗೆ ಕೆಳಗಿಡಲು ಆಗಲಿಲ್ಲ, ಆಮೇಲೆ ಆಚಾರ್ಯರು ನಡೆದದ್ದೇ ನಡೆದದ್ದು, ಯೋಚಿಸಿದ್ದೇ ಯೋಚಿಸಿದ್ದು. ‘ಫಣಿಯಮ್ಮ’ ಓದಿ ಅತ್ತುಬಿಟ್ಟೆ, ಗೆಳೆಯ ‘ಅದು ಹೆಂಗಸರ ಕಾದಂಬರಿ ಕಣೋ’ ಅಂತ ನಕ್ಕ. ‘ಮಲೆಗಳಲ್ಲಿ ಮದುಮಗಳು’ ಇನ್ನೂರು ಪುಟಕ್ಕೆ ಬಿಟ್ಟೆ. ಇದನ್ನು ಮಂಡಿಯಲ್ಲಿ ಊಟದ ಹೊತ್ತಿಗೆ ಹೇಳಿದ್ದಕ್ಕೆ ‘ಕುವೆಂಪು ಊರಿನ ಕಡೆಯವನಾಗಿ ಹೀಗಂತೀಯಲ್ಲ, ನಾಚಿಕೆ ಆಗಲ್ವಾ’ ಅಂದರು. ನನ್ನಂಥವರು ಅಭಿಪ್ರಾಯ ಹೇಳಬಾರದಾ? ಮುಂದೆ ಏನು ಓದಲಿ?

ಉತ್ತರ: ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊಟದ ಹೊತ್ತಿಗೆ ನಿಮ್ಮನ್ನು ಬೈದವರಲ್ಲಿ ಎಷ್ಟು ಜನ ಆ ಪುಸ್ತಕದ ಕೊನೆ ಪುಟ ನೋಡಿದ್ದಾರೆ ಅನ್ನೋದು ನನಗೆ ಅನುಮಾನ. ನಾನು ಶಿವಮೊಗ್ಗದಲ್ಲಿ ಕನ್ನಡ ಪಾಠ ಮಾಡಿಕೊಂಡೇ ನಿವೃತ್ತನಾದವನು. ಕುವೆಂಪು ಕಾದಂಬರಿ ಹೇಗಿತ್ತು ಅಂತ ಕ್ಲಾಸಲ್ಲಿ ಕೇಳಿದರೆ ‘ಅದ್ಭುತ ಸರ್’ ಅನ್ನುವವರೇ ಜಾಸ್ತಿ. ಸರಿ, ಗುತ್ತಿಯ ನಾಯಿಯ ಹೆಸರೇನು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ನೀವು ಇನ್ನೂರು ಪುಟ ಓದಿ ಬಿಟ್ಟಿದ್ದೀರಿ. ಆ ಹುಡುಗರಿಗಿಂತ ಇನ್ನೂರು ಪುಟ ಮುಂದಿದ್ದೀರಿ.

ಹಾಗಂತ ‘ಅವರವರ ಅಭಿಪ್ರಾಯ ಅವರವರಿಗೆ’ ಅಂತ ಬೆನ್ನು ತಟ್ಟಿ ಕಳಿಸುವುದಿಲ್ಲ. ಅದು ಮರ್ಯಾದೆಯಿಂದ ಬಾಯಿ ಮುಚ್ಚಿಸುವ ಉಪಾಯ, ಅಷ್ಟೇ. ನೀವು ಮಂಡಿಯವರು, ನಿಮ್ಮ ಮಾತಲ್ಲೇ ಹೇಳುತ್ತೇನೆ. ರೈತ ಮೂಟೆ ತಂದಾಗ ‘ಈ ಅಡಿಕೆ ಯಾಕೋ ಹಿಡಿಸಲಿಲ್ಲ’ ಅಂದರೆ ಸುಮ್ನೆ ಬಿಡುತ್ತಾನಾ? ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ, ಯಾವ ದರ್ಜೆ ಅಂತ ಹೇಳಬೇಕು, ಒಂದು ಹಿಡಿ ಅಂಗೈಗೆ ಹಾಕಿಕೊಂಡು ಎಲ್ಲಿ ಕೆಟ್ಟಿದೆ ಅಂತ ತೋರಿಸಬೇಕು. ಪುಸ್ತಕಕ್ಕೂ ಅಷ್ಟೇ. ಬೋರಾಯ್ತು ಅನ್ನೋದು ಸರಿ, ಯಾವ ಪುಟದಲ್ಲಿ ಆಯ್ತು? ನಿಮ್ಮ ಪತ್ರ ನನಗೆ ಹಿಡಿಸಿದ್ದೇ ಇದಕ್ಕೆ. ಹೆಚ್ಚಿನ ಕಡೆ ನೀವು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಬೆರಳಿಟ್ಟ ಮೇಲೆ ಅಲ್ಲಿ ಏನಿದೆ ಅಂತ ನೋಡದೆ ಎದ್ದು ಬಂದಿದ್ದೀರಿ, ತಕರಾರು ಅದೊಂದೇ.

‘ಸಂಸ್ಕಾರ’ದಿಂದ ಶುರು ಮಾಡೋಣ, ಯಾಕೆಂದರೆ ಅದರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅರ್ಧದ ನಂತರ ಓಟ ನಿಲ್ಲುತ್ತದೆ. ಯಾಕೆ ನಿಲ್ಲುತ್ತದೆ?

ಮೊದಲ ಭಾಗ ನೆನಪಿಸಿಕೊಳ್ಳಿ. ಬ್ರಾಹ್ಮಣ್ಯದ ಆಚಾರ ಬಿಟ್ಟ ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ. ಹೆಣ ಮನೆಯೊಳಗಿದೆ. ಅದಕ್ಕೆ ಯಾರು ಸಂಸ್ಕಾರ ಮಾಡಬೇಕು ಅಂತ ತೀರ್ಮಾನವಾಗದೆ ದೂರ್ವಾಸಪುರದ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಇಡೀ ಕಾದಂಬರಿಯನ್ನು ಓಡಿಸುವುದು ಈ ಹಸಿವು. ಧರ್ಮಶಾಸ್ತ್ರದ ಚರ್ಚೆ ದೊಡ್ಡದಾಗಿ ನಡೀತಿದ್ದರೂ ಎಲ್ಲರ ಹೊಟ್ಟೆ ಚುರುಗುಟ್ಟುತ್ತಿದೆ, ಬಿಸಿಲು ಏರುತ್ತಿದೆ, ಇಲಿ ಬಂದು ಬಿದ್ದು ಸಾಯುತ್ತಿವೆ, ಹದ್ದುಗಳು ಮಾಡಿನ ಮೇಲೆ ಕೂತಿವೆ. ದಾಸಾಚಾರ್ಯ ತಡೆಯಲಾರದೆ ಪಾರಿಜಾತಪುರದ ಮಂಜಯ್ಯನ ಮನೆಗೆ ಹೋಗಿ ಗುಟ್ಟಾಗಿ ತಿಂಡಿ ತಿನ್ನುತ್ತಾನಲ್ಲ, ಆ ಭಾಗ ಮತ್ತೊಮ್ಮೆ ಓದಿ. ಎಷ್ಟು ಪುಟದ ವೇದಾಂತಕ್ಕೂ ಬಗ್ಗದ ಮನುಷ್ಯ ಒಗ್ಗರಣೆ ವಾಸನೆಗೆ ಬಗ್ಗುತ್ತಾನೆ. ಓದುವ ನಮಗೂ ಒಂದೇ ಚಿಂತೆ: ಹೆಣ ಯಾವಾಗ ಎತ್ತುತ್ತಾರೆ?

ಈಗ ನೋಡಿ. ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ಕಾದು ಕಾದು ಸಾಕಾಗಿ ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಟ್ಟು ಹೊರಟುಹೋಗುತ್ತಾಳೆ. ಅಲ್ಲಿಗೆ ನಮ್ಮ ಚಿಂತೆ ಮುಗಿಯಿತು. ಆದರೆ ಇದು ಅಗ್ರಹಾರದವರಿಗೂ ಗೊತ್ತಿಲ್ಲ, ತೀರ್ಮಾನ ಹೇಳಬೇಕಿದ್ದ ಪಂಡಿತ ಪ್ರಾಣೇಶಾಚಾರ್ಯರಿಗೂ ಗೊತ್ತಿಲ್ಲ. ಹೆಣ ಇನ್ನೂ ಅಲ್ಲೇ ಕೊಳೆಯುತ್ತಿದೆ ಅಂದುಕೊಂಡೇ ಆಚಾರ್ಯರು ಆಮೇಲೆ ಕಾಡುಮೇಡು ಸುತ್ತುತ್ತಾರೆ. ಅವರ ಭಾರ ಹಾಗೇ ಇದೆ, ನಮ್ಮದು ಇಳಿದಿದೆ. ನೀವು ‘ನಡೆದದ್ದೇ ನಡೆದದ್ದು’ ಅಂದ ಜಾಗ ಇದೇ. ಓದುಗನನ್ನು ಓಡಿಸುತ್ತಿದ್ದ ಹಗ್ಗವನ್ನು ಲೇಖಕರೇ ಕತ್ತರಿಸಿದ್ದಾರೆ. ಬೇಕೆಂದೇ ಕತ್ತರಿಸಿದ್ದಾರೆ. ಇಲ್ಲಿಯವರೆಗೆ ಪ್ರಶ್ನೆ ಹೆಣದ್ದಾಗಿತ್ತು, ಇನ್ನು ಮುಂದೆ ಆ ಮನುಷ್ಯನದು. ಈ ಬದಲಾವಣೆ ಎಲ್ಲರಿಗೂ ಒಗ್ಗುವುದಿಲ್ಲ. ನನಗೂ ಮೂರನೇ ಭಾಗದ ಕೆಲವು ಕಡೆ ಆಚಾರ್ಯರ ಯೋಚನೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಅನಂತಮೂರ್ತಿ ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, ಪುಸ್ತಕ ಬಂದದ್ದು 1965ರಲ್ಲಿ. ಆ ಕಾಲದ ಯುರೋಪಿನ ಚಿಂತೆಯ ಗಾಳಿ ಆಚಾರ್ಯರ ತಲೆಯೊಳಗೆ ಬೀಸುತ್ತದೆ ಅಂತ ಆಗಿನಿಂದಲೂ ದೂರುವವರಿದ್ದಾರೆ. ಆ ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ.

ಆದರೆ ನೀವು ಒಂದು ಹೆಸರು ಎತ್ತಲೇ ಇಲ್ಲ. ಮಾಲೇರ ಪುಟ್ಟ! ಆಚಾರ್ಯರಿಗೆ ಗಂಟುಬಿದ್ದು, ಬಿಡು ಅಂದರೂ ಬಿಡದೆ, ಒಗಟು ಹೇಳಿಕೊಂಡು, ಹರಟೆ ಹೊಡೆದುಕೊಂಡು ಮೇಳಿಗೆಯ ಜಾತ್ರೆಗೆ ಎಳೆದುಕೊಂಡು ಹೋಗುತ್ತಾನಲ್ಲ, ಅವನು. ನಿಮ್ಮ ಊರಿಂದ ಮೇಳಿಗೆ ಎಷ್ಟು ದೂರ ಹೇಳಿ! ಅನಂತಮೂರ್ತಿ ಹುಟ್ಟಿದ ಊರೂ ಅದೇ. ಶಿವಮೊಗ್ಗ ಬಸ್ಸಲ್ಲಿ ನಿಮ್ಮ ಪಕ್ಕ ಕೂತು ಎಲ್ಲಿಗೆ ಹೊರಟಿದ್ದು, ಯಾರ ಪೈಕಿ, ಅಡಿಕೆ ಎಷ್ಟಾಯಿತು ಈ ಸಲ ಅಂತ ಮಂಡಗದ್ದೆವರೆಗೆ ಕೇಳುವವರು ಇರುತ್ತಾರಲ್ವಾ, ಅದೇ ಜಾತಿ. ಮೂರನೇ ಭಾಗವನ್ನು ಆಚಾರ್ಯರ ಕಡೆಯಿಂದ ಓದದೆ ಪುಟ್ಟನ ಕಡೆಯಿಂದ ಓದಿ ನೋಡಿ. ಮಹಾ ಪಂಡಿತನೊಬ್ಬ ಒಬ್ಬ ಸಾಮಾನ್ಯ ಮನುಷ್ಯನ ಮುಂದೆ ಎಷ್ಟು ಪರದಾಡುತ್ತಾನೆ ಅಂತ ನಗು ಬರುತ್ತದೆ. ಸೂತಕದಲ್ಲಿರುವ ಆಚಾರ್ಯರು ದೇವಸ್ಥಾನದ ಪಂಕ್ತಿಯಲ್ಲಿ ಕೂರುವಾಗ ಮಾತ್ರ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಮೊದಲ ಭಾಗದಲ್ಲಿ ಊಟ ಮಾಡಲಾಗದೆ ಒದ್ದಾಡಿದ ಅಗ್ರಹಾರ, ಇಲ್ಲಿ ಊಟಕ್ಕೆ ಕೂತು ಒದ್ದಾಡುವ ಆಚಾರ್ಯ. ಹೀಗೆ ಜೋಡಿಸಿಕೊಂಡರೆ ನಿಮಗೆ ಅದು ಬರೀ ನಡಿಗೆ ಅನ್ನಿಸದು ಅಂತ ನನ್ನ ಲೆಕ್ಕಾಚಾರ. ಅನ್ನಿಸಿದರೂ ಪರವಾಗಿಲ್ಲ, ಆಗ ಅದು ಕಾರಣ ಗೊತ್ತಿದ್ದು ಹೇಳುವ ಮಾತಾಗುತ್ತದೆ.

‘ಘಾಚರ್ ಘೋಚರ್’ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ‘ಏನೂ ನಡೆಯಲ್ಲ, ಆದರೂ ಹೆದರಿಕೆಯಾಯಿತು’ ಅಂತ ನೀವು ಒಂದೇ ಸಾಲಲ್ಲಿ ಬರೆದದ್ದನ್ನು ವಿಮರ್ಶಕರು ನಾಲ್ಕು ಪುಟದಲ್ಲಿ ಬರೆಯುತ್ತಾರೆ. ಒಂದು ತಿದ್ದುಪಡಿ: ಏನೂ ನಡೆಯಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಕತೆ ಹೇಳುವವನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಅಡುಗೆ ಮಾಡಿಕೊಂಡು ಮನೆ ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಓಡಿಸುವ ರೀತಿ ನೋಡಿ. ದುಡ್ಡು ತರುವವನು ಚಿಕ್ಕಪ್ಪ, ಆದ್ದರಿಂದ ಅವನಿಗೆ ತೊಂದರೆ ಕೊಡುವ ಯಾರೂ ಒಳಗೆ ಬರಬಾರದು. ಆ ದೃಶ್ಯದಲ್ಲಿ ಆ ಮನೆಯವರು ಏನು ಮಾಡಬಲ್ಲರು ಅಂತ ಗೊತ್ತಾಗಿರುತ್ತದೆ, ಕೊನೆಯಲ್ಲಿ ನಿಮಗೆ ಹೆದರಿಕೆಯಾದದ್ದು ಅದಕ್ಕೇ. ಹಳೆ ಮನೆಯಲ್ಲಿ ಇರುವೆಗಳನ್ನು ಎಲ್ಲರೂ ಸೇರಿ ಹೊಸಕುತ್ತಾರಲ್ಲ, ಅಲ್ಲಿಂದಲೇ ತಯಾರಿ ನಡೆದಿತ್ತು. ವಿವೇಕ ಶಾನಭಾಗರ ಬರವಣಿಗೆಯಲ್ಲಿ ದನಿ ಏರುವುದೇ ಇಲ್ಲ, ಕಾಫಿ ಹೌಸಿನಲ್ಲಿ ಕೂತು ಮಾತಾಡಿದ ಹಾಗೇ ಇರುತ್ತದೆ. ಬಸ್ಸಿಗೆ ಹೇಳಿ ಮಾಡಿಸಿದ ಪುಸ್ತಕ, ಚಿಕ್ಕದು, ಒಂದೇ ಎಳೆ. ಒಂದೇ ದಿನಕ್ಕೆ ಮುಗಿದದ್ದರಲ್ಲಿ ಆಶ್ಚರ್ಯವಿಲ್ಲ.

ತೇಜಸ್ವಿಯವರ ‘ಕರ್ವಾಲೊ’ಗೆ ಬರೋಣ. ಇಲ್ಲಿ ನಿಮ್ಮ ಜೊತೆ ಜಗಳವಿದೆ.

ನಿಮ್ಮ ತೋಟದಲ್ಲಿ ಹಾರುವ ಓತಿ ಇರುವುದು ನಿಜ. ಪಶ್ಚಿಮ ಘಟ್ಟದ ಅಡಿಕೆ ತೋಟದಲ್ಲಿ ಅದು ಸಾಮಾನ್ಯ. ಮರದ ತೊಗಟೆಯ ಬಣ್ಣ, ಅಂಟಿಕೊಂಡು ಕೂತರೆ ಕಾಣುವುದೇ ಇಲ್ಲ, ಇರುವೆ ತಿಂದುಕೊಂಡಿರುತ್ತದೆ. ಗಂಡಿನ ಗಂಟಲಲ್ಲಿ ಹಳದಿ ಚೀಲ, ಅದನ್ನು ಚಾಚಿ ಮಡಚಿ ಮಾಡುವಾಗಲೇ ಕಣ್ಣಿಗೆ ಬೀಳುವುದು. ಪಕ್ಕೆಲುಬಿನ ಮೇಲಿನ ಚರ್ಮ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಅಡಿಕೆ ಕೊನೆ ಕೊಯ್ಯುವವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಆದರೆ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ ಹುಡುಕುವುದು ಇದನ್ನಲ್ಲ. ಅವರು ಹುಡುಕುವುದು ಕೋಟ್ಯಂತರ ವರ್ಷದ ಹಿಂದಿನ ಕೊಂಡಿ ಅಂತ ಅವರು ನಂಬಿದ ಜೀವಿಯನ್ನು. ‘ನಮ್ಮ ತೋಟದಲ್ಲೇ ಇದೆ’ ಅಂತ ಅದನ್ನು ಅಳೆಯಲು ಹೋದರೆ ಪುಸ್ತಕಕ್ಕೂ ಅನ್ಯಾಯ, ನಿಮ್ಮ ತೋಟದ ಓತಿಗೂ ಅನ್ಯಾಯ.

ನಮ್ಮ ಕಡೆಯ ಓದುಗರಿಗೆ ಇದೊಂದು ಚಾಳಿ. ಮಲೆನಾಡಿನ ಕಾದಂಬರಿ ಕೈಗೆ ಬಂದ ತಕ್ಷಣ ನಾವು ಸರ್ವೇಯರ್ ಆಗಿಬಿಡುತ್ತೇವೆ. ಆ ಘಾಟಿ ಅಲ್ಲಿಲ್ಲ, ಆ ಹೊಳೆ ಆ ಕಡೆ ಹರಿಯಲ್ಲ, ನಮ್ಮಲ್ಲಿ ಅದಕ್ಕೆ ಹಾಗನ್ನಲ್ಲ, ಒತ್ತುಶಾವಿಗೆ ಆ ತಿಂಗಳಲ್ಲಿ ಮಾಡಲ್ಲ. ಊರು ಗೊತ್ತಿರುವುದು ದೊಡ್ಡ ಅನುಕೂಲವೇ. ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತಿದ್ದು ಅಂದರೆ ಏನು ಅಂತ ಬಯಲುಸೀಮೆಯವರಿಗೆ ಹೇಳಿಕೊಡಬೇಕು, ನಿಮಗೆ ಓದುವಾಗಲೇ ಕಾಲು ತುರಿಸುತ್ತದೆ. ಆದರೆ ಅಳತೆ ಟೇಪು ಹಿಡಿದು ಓದಿದರೆ ಕತೆ ಪಕ್ಕದಲ್ಲೇ ಹಾದು ಹೋದರೂ ಕಾಣಿಸುವುದಿಲ್ಲ.

ಕೊನೆಯಲ್ಲಿ ಓತಿ ಸಿಗಲಿಲ್ಲ ಅನ್ನುವ ದೂರು. ಸ್ವಲ್ಪ ಹಿಂದಕ್ಕೆ ಹೋಗಿ. ನಿರೂಪಕ ಯಾರು? ಮೂಡಿಗೆರೆ ಕಡೆ ಜಮೀನು ಮಾಡಿ ಬೇಸತ್ತು, ಮಾರಿಬಿಡೋಣ ಅಂತ ಯೋಚಿಸುವ ಮನುಷ್ಯ. ಮಂದಣ್ಣ ಯಾರು? ಊರಿನವರ ಕಣ್ಣಲ್ಲಿ ಕೆಲಸಕ್ಕೆ ಬಾರದ ಹುಡುಗ, ಜೇನು ಹಿಡಿಯುತ್ತಾನೆ, ಮದುವೆಯ ತಲೆಬಿಸಿ, ಅದರ ಮೇಲೆ ಕೇಸು. ಇವರನ್ನೆಲ್ಲ ಒಟ್ಟು ಸೇರಿಸಿ ಕಾಡಿಗೆ ಕರೆದುಕೊಂಡು ಹೋಗುವುದು ಓತಿ. ಊರವರೆಲ್ಲ ಪೆದ್ದ ಅಂದುಕೊಂಡವನಲ್ಲಿ ಕರ್ವಾಲೊ ಒಬ್ಬ ಹುಟ್ಟು ವಿಜ್ಞಾನಿಯನ್ನು ಕಾಣುತ್ತಾರೆ. ನನಗೆ ಇಡೀ ಪುಸ್ತಕದ ತಿರುವು ಅಲ್ಲಿ, ಓತಿಯಲ್ಲಲ್ಲ. ಅದನ್ನು ಹಿಡಿದು ಗಾಜಿನ ಬಾಟಲಿಗೆ ಹಾಕಿ ಹೆಸರು ಬರೆದು ಇಟ್ಟಿದ್ದರೆ ಅದು ಬೇಟೆಯ ಕತೆಯಾಗುತ್ತಿತ್ತು. ಕಣ್ಣೆದುರಿಗೇ ಪ್ರಪಾತಕ್ಕೆ ತೇಲಿಹೋಗುವಾಗ ಮಾತ್ರ ಅಷ್ಟು ಹೊತ್ತು ನಗಿಸಿದ ಪುಸ್ತಕ ಗಪ್ಪನೆ ಗಂಭೀರವಾಗುತ್ತದೆ. ನಿಮಗೆ ಮೋಸ ಅನ್ನಿಸಿದ್ದು ಪುಸ್ತಕ ನಿಮ್ಮನ್ನು ಅಷ್ಟರಮಟ್ಟಿಗೆ ಹುಡುಕಾಟದಲ್ಲಿ ಸಿಕ್ಕಿಸಿದ್ದರಿಂದ. ಆಟ ನೋಡುವವರಿಗೆ ಗೋಲು ಬೀಳಲೇಬೇಕು ಅನ್ನಿಸುವುದು ಸಹಜ, ತೇಜಸ್ವಿಯವರಿಗೆ ಅದು ಮುಖ್ಯ ಅನ್ನಿಸಿರಲಿಲ್ಲ.

ಇನ್ನು ಫಣಿಯಮ್ಮ. ನಿಮ್ಮ ಗೆಳೆಯನ ಮಾತು ಕೇಳಿ ಸಿಟ್ಟು ಬಂತು.

‘ಹೆಂಗಸರ ಕಾದಂಬರಿ’ ಅಂದರೆ ಏನರ್ಥ? ಹೆಂಗಸು ಬರೆದದ್ದೋ, ಹೆಂಗಸರು ಓದುವುದೋ, ಹೆಂಗಸಿನ ಕತೆಯೋ? ಎಂ. ಕೆ. ಇಂದಿರಾ ನಿಮ್ಮ ತೀರ್ಥಹಳ್ಳಿಯವರೇ, ಹುಟ್ಟಿದ್ದು 1917ರಲ್ಲಿ. ನಲವತ್ತು ದಾಟಿದ ಮೇಲೆ ಬರೆಯಲು ಕೂತವರು. ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಅವರ ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು, ‘ಫಣಿಯಮ್ಮ’ನನ್ನು ಪ್ರೇಮಾ ಕಾರಂತ್ ತೆರೆಗೆ ತಂದರು. ಕುವೆಂಪು, ಅನಂತಮೂರ್ತಿ ಹೆಸರು ಹೇಳಿ ಎದೆಯುಬ್ಬಿಸುವ ನಮ್ಮ ಊರಿನವರು ಇವರ ಹೆಸರು ಬಂದಾಗ ಮಾತ್ರ ‘ಹ್ಞೂಂ, ಅವರೂ ಬರೀತಿದ್ರು’ ಅನ್ನುತ್ತಾರೆ. ಕಾರಣ ಸರಳ. ಅವರ ಪುಸ್ತಕಗಳು ಅರ್ಥವಾಗುತ್ತವೆ. ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬರುವಷ್ಟು ಜನ ಓದಿದರು. ಅಷ್ಟು ಜನ ಓದಿದ್ದು ದೊಡ್ಡ ಸಾಹಿತ್ಯ ಹೇಗಾದೀತು ಅನ್ನುವ ಗುಮಾನಿ ನಮ್ಮ ಓದಿದ ವರ್ಗಕ್ಕೆ ಹಳೆಯದು.

ಪುಸ್ತಕವನ್ನೇ ನೋಡಿ. ಇನ್ನೂ ಮೈನೆರೆಯದ ಹುಡುಗಿ ವಿಧವೆಯಾಗುತ್ತಾಳೆ. ಆಮೇಲೆ ಮೈನೆರೆದಾಗ ತಲೆ ಬೋಳಿಸುತ್ತಾರೆ. ನಂತರ ಅವಳು ನೂರು ದಾಟಿ ಬದುಕುತ್ತಾಳೆ. ಅಷ್ಟು ಉದ್ದದ ಬದುಕಿನಲ್ಲಿ ಅವಳು ಒಮ್ಮೆಯೂ ಭಾಷಣ ಮಾಡುವುದಿಲ್ಲ. ಇಂದಿರಾ ಅವರೂ ಮಾಡುವುದಿಲ್ಲ. ಮನೆಯ ಹಿರಿಯ ಹೆಂಗಸು ಬತ್ತಿ ಹೊಸೆಯುತ್ತಾ ಹೇಳಿದ ಹಾಗೆ, ಆಯಿತು, ಹೋಯಿತು, ಮಾಡಿದಳು, ಉಂಡಳು ಅಂತ ಹೇಳಿಕೊಂಡು ಹೋಗುತ್ತಾರೆ. ಅಳು ಬರುವುದು ಆ ತಣ್ಣಗಿನ ದನಿಗೆ. ಮಡಿ ಹೆಂಗಸು ಕಾಲಿಡಬಾರದ ಮನೆಯ ಹೆರಿಗೆಗೆ ಹೋಗಿ ಫಣಿಯಮ್ಮ ಕೈ ಕೊಡುತ್ತಾಳೆ, ಬಂದು ಸ್ನಾನ ಮಾಡುತ್ತಾಳೆ, ಯಾರಿಗೂ ಹೇಳುವುದಿಲ್ಲ. ಮುಂದೆ ದಾಕ್ಷಾಯಣಿ ಅನ್ನುವ ಹುಡುಗಿ ವಿಧವೆಯಾಗಿ ‘ನಾನು ತಲೆ ಕೊಡಲ್ಲ’ ಅಂತ ನಿಂತಾಗ ಎಲ್ಲರೂ ಫಣಿಯಮ್ಮನ ಕಡೆ ನೋಡುತ್ತಾರೆ. ಜೀವಮಾನವಿಡೀ ಆಚಾರ ಪಾಲಿಸಿದವಳು ಹುಡುಗಿಯ ಪರ ನಿಲ್ಲುತ್ತಾಳೆ. ಅದೂ ಗಲಾಟೆಯಿಲ್ಲದೆ. ನೀವು ಅತ್ತದ್ದು ಯಾವ ಪುಟದಲ್ಲಿ ಅಂತ ಪತ್ರದಲ್ಲಿ ಬರೆದಿಲ್ಲ, ಇಲ್ಲೇ ಆಗಿದ್ದರೆ ನೀವು ಚೆನ್ನಾಗಿ ಓದಿದ್ದೀರಿ.

‘ಸಂಸ್ಕಾರ’ ಮತ್ತು ‘ಫಣಿಯಮ್ಮ’ ಎರಡೂ ಹೆಚ್ಚುಕಡಿಮೆ ಒಂದೇ ಸೀಮೆಯ ಅಗ್ರಹಾರದ ಜಗತ್ತು. ಒಂದರಲ್ಲಿ ಗಂಡಸು ಒಂದು ರಾತ್ರಿ ಚಂದ್ರಿಯನ್ನು ಕೂಡಿ ಆಚಾರ ಮುರಿದು ಉಳಿದ ಪುಸ್ತಕ ಪೂರ್ತಿ ಅದನ್ನೇ ಯೋಚಿಸುತ್ತಾನೆ. ಇನ್ನೊಂದರಲ್ಲಿ ಹೆಂಗಸು ಆಚಾರ ಮುರಿದು ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಾಳೆ. ಗೆಳೆಯನಿಗೆ ಇದನ್ನು ಹೇಳಿ ನೋಡಿ. ಅವನು ‘ಫಣಿಯಮ್ಮ’ ಓದಿರಲಿಕ್ಕಿಲ್ಲ ಅಂತ ನನ್ನ ಗುಮಾನಿ.

ಈಗ ನಿಮ್ಮನ್ನು ಬೈಸಿದ ಪುಸ್ತಕಕ್ಕೆ ಬರುತ್ತೇನೆ. ‘ಮಲೆಗಳಲ್ಲಿ ಮದುಮಗಳು’ 1967ರದ್ದು, ಹತ್ತಿರಹತ್ತಿರ ಏಳುನೂರು ಪುಟ. ನೀವು ಅದನ್ನು ಓದಿದ್ದು ಎಲ್ಲಿ? ಬಸ್ಸಲ್ಲಿ. ಬೆಳಿಗ್ಗೆ ಹೋಗುವಾಗ ಸ್ವಲ್ಪ, ಸಂಜೆ ಸುಸ್ತಾಗಿ ಬರುವಾಗ ಸ್ವಲ್ಪ, ಸಕ್ರೆಬೈಲು ಹತ್ತಿರ ಯಾರೋ ಹತ್ತಿದರು, ಗಾಜನೂರಿನಲ್ಲಿ ಫೋನ್ ಬಂತು. ‘ಘಾಚರ್ ಘೋಚರ್’ಗೆ ಇದು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಇದರಲ್ಲಿ ನೀವು ಹಿಡಿದುಕೊಂಡು ಹೋಗುವ ಒಂದು ಎಳೆ ಇಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಪುಸ್ತಕದ ಹೊಸಿಲಲ್ಲೇ ಬರೆದಿಟ್ಟಿದ್ದಾರೆ. ಜನ ಆ ಸಾಲನ್ನು ಗೋಡೆಗೆ ಹಾಕುತ್ತಾರೆ, ಆದರೆ ಅದು ಓದುವವನಿಗೆ ಕೊಟ್ಟ ಎಚ್ಚರಿಕೆಯೂ ಹೌದು. ನಾಯಕ ಯಾರು ಅಂತ ಕಾಯಬೇಡಿ, ಬರಲ್ಲ.

ಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ಹೊರಡುತ್ತಾನೆ, ತಿಮ್ಮಿಯನ್ನು ಹಾರಿಸಿಕೊಂಡು ಬರುವ ಆಸೆ. ನಾವು ಅವನ ಹಿಂದೆ ಹೋಗುತ್ತೇವೆ. ದಾರಿಯಲ್ಲಿ ಒಂದು ಮನೆ, ಆ ಮನೆಯ ಸಂಸಾರ ತೆರೆದುಕೊಳ್ಳುತ್ತದೆ. ಗುತ್ತಿ ಮುಂದೆ ಹೋದರೂ ಕತೆ ಅಲ್ಲೇ ಕೂರುತ್ತದೆ. ಇನ್ನೊಬ್ಬರು ಆ ಮನೆಯಿಂದ ಎದ್ದು ಹೊರಡುತ್ತಾರೆ, ಕತೆ ಅವರ ಹಿಂದೆ ಹೋಗುತ್ತದೆ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ. ನೀವು ಇನ್ನೂರನೇ ಪುಟದಲ್ಲಿ ಬಿಟ್ಟದ್ದು ಬೇಸರಕ್ಕಿಂತ ಹೆಚ್ಚಾಗಿ ಯಾರು ಯಾವ ಮನೆಯವರು ಅನ್ನೋದು ತಪ್ಪಿಹೋದದ್ದಕ್ಕೆ ಇರಬೇಕು. ಕಾದಂಬರಿ ಬಿಟ್ಟವರನ್ನು ಕೇಳಿದರೆ ಸಾಮಾನ್ಯವಾಗಿ ಇದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಒಂದು ಉಪಾಯ. ರಟ್ಟಿನ ಒಳಗೆ ಪೆನ್ಸಿಲ್ಲಿನಲ್ಲಿ ಮನೆಗಳ ಹೆಸರು ಬರೆದುಕೊಂಡು, ಹೊಸಬರು ಬಂದ ಹಾಗೆಲ್ಲ ಆ ಮನೆಯ ಕೆಳಗೆ ಹೆಸರು ಸೇರಿಸುತ್ತಾ ಹೋಗಿ. ಮುಕುಂದಯ್ಯ ಕೋಣೂರು, ಚಿನ್ನಮ್ಮ ಹೂವಳ್ಳಿ, ದೇವಯ್ಯ ಬೆಟ್ಟಳ್ಳಿ, ಹೀಗೆ. ದಿನಾ ಲೆಕ್ಕದ ಪುಸ್ತಕ ಬರೆಯುವ ನಿಮಗೆ ಇದು ಕಷ್ಟವೇ ಅಲ್ಲ. ಮತ್ತೆ ಬಸ್ಸಲ್ಲಿ ಬೇಡ. ಭಾನುವಾರ ಮಳೆ ಹಿಡಿದು, ಕರೆಂಟು ಹೋಗಿ, ಟಿವಿ ಇಲ್ಲದೆ ಮನೆಯವರೆಲ್ಲ ಸುಮ್ಮನೆ ಕೂತಾಗ ಒಂದೇ ಸಲ ಐವತ್ತು ಪುಟ ಓದಿ. ಇಷ್ಟವಿಲ್ಲದ ಮದುವೆ ತಪ್ಪಿಸಿಕೊಳ್ಳಲು ಚಿನ್ನಮ್ಮ ಪೀಂಚಲು ಜೊತೆ ರಾತ್ರಿ ಹೊತ್ತು ಕಾಡು ಹೊಗುವ ಭಾಗದವರೆಗೆ ಹೇಗಾದರೂ ಹೋಗಿ. ಅಲ್ಲಿಂದ ನಿಮ್ಮನ್ನು ಯಾರೂ ತಳ್ಳಬೇಕಾಗಿಲ್ಲ. ಹುಲಿಯನ ಗತಿ ಏನಾಯಿತು ಅಂತ ನಾನು ಹೇಳಲ್ಲ, ಅದನ್ನು ನೀವೇ ಓದಬೇಕು.

ಅಷ್ಟು ಮಾಡಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ, ಯಾರಪ್ಪನ ಗಂಟೂ ಹೋಗಲ್ಲ. ಮೈಸೂರಿನ ರಂಗಾಯಣದವರು 2010ರಲ್ಲಿ ಇದನ್ನು ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇಡೀ ರಾತ್ರಿಯ ನಾಟಕ ಮಾಡಿದರು. ರಾತ್ರಿ ಊಟ ಮಾಡಿ ಕೂತವರು ಬೆಳಗಿನ ಜಾವ ಏಳುತ್ತಿದ್ದರು. ಪುಸ್ತಕ ಅರ್ಧಕ್ಕೆ ಬಿಟ್ಟವರು ನಾಟಕ ನೋಡಿ ಬಂದು ಮತ್ತೆ ಹಿಡಿದದ್ದು ನನಗೆ ಗೊತ್ತು. ಮುಖ ಕಂಡ ಮೇಲೆ ಹೆಸರು ನೆನಪಿರುತ್ತದಲ್ಲ. ಇಲ್ಲವೇ ಮೊದಲು ‘ಕಾನೂರು ಹೆಗ್ಗಡಿತಿ’ ಓದಿ. 1936ರದ್ದು, ಅದರಲ್ಲಿ ಹೂವಯ್ಯ ಅನ್ನುವ ಒಬ್ಬ ನಾಯಕ ಇದ್ದಾನೆ, ಹಿಡಿದುಕೊಳ್ಳಲು ಅನುಕೂಲ. ನನ್ನ ಕೇಳಿದರೆ ಹೂವಯ್ಯ ಸ್ವಲ್ಪ ಜಾಸ್ತಿಯೇ ಒಳ್ಳೆಯವನು, ಹಾಗಾಗಿ ಅವನಿಗಿಂತ ಹೆಗ್ಗಡಿತಿ ಸುಬ್ಬಮ್ಮನೇ ನೆನಪಲ್ಲಿ ನಿಲ್ಲುತ್ತಾಳೆ. ಇದನ್ನು ಹೇಳಿ ನಾನೂ ಸಾಕಷ್ಟು ಬೈಸಿಕೊಂಡಿದ್ದೇನೆ.

ಊರಿನ ಅಭಿಮಾನದ ವಿಷಯ ಇಷ್ಟೇ. ಕುಪ್ಪಳಿಗೆ ಹೋಗಿ ಕವಿಶೈಲದಲ್ಲಿ ಫೋಟೋ ತೆಗೆಸಿಕೊಳ್ಳುವುದು ಬೇರೆ, ಪುಸ್ತಕ ಓದುವುದು ಬೇರೆ. ಎರಡನ್ನೂ ಒಂದೇ ಲೆಕ್ಕಕ್ಕೆ ಬರೆಯಬಾರದು. ಕುವೆಂಪು ಅವರನ್ನು ನಿಮ್ಮ ಬೇಸರ ಏನೂ ಮಾಡಲಾರದು. ಆದರೆ ಇಷ್ಟವಾಗದಿದ್ದರೂ ಇಷ್ಟವಾಯಿತು ಅಂತ ಹೇಳಿಕೊಂಡು ತಿರುಗಿದರೆ, ನಾಳೆ ನಿಜವಾಗಿ ಇಷ್ಟವಾದಾಗ ನಿಮ್ಮ ಮಾತನ್ನು ಯಾರು ನಂಬಬೇಕು? ಮುಂದಿನ ಸಲ ಊಟದ ಹೊತ್ತಿಗೆ ಯಾರಾದರೂ ನಾಚಿಕೆ ಆಗಲ್ವಾ ಅಂದರೆ, ಬೇಸರವಾದ ಪುಟ ತೆಗೆದು ಅವರ ಮುಂದೆ ಇಟ್ಟು ‘ಇದನ್ನು ಓದಿ, ನಿಮಗೇನನ್ನಿಸ್ತು ಹೇಳಿ’ ಅನ್ನಿ. ಅರ್ಧ ಜನ ಅನ್ನ ಸಾರು ಕಲೆಸುವುದರಲ್ಲಿ ಮಗ್ನರಾಗುತ್ತಾರೆ. ಒಬ್ಬರಾದರೂ ಪುಸ್ತಕ ತೆಗೆದುಕೊಂಡರೆ ನಿಮಗೊಬ್ಬ ಜೊತೆಗಾರ ಸಿಕ್ಕಿದ ಹಾಗೆ.

ಮುಂದೆ ಏನು ಓದಲಿ ಅಂದಿರಿ. ನಾ. ಡಿಸೋಜರ ‘ದ್ವೀಪ’ ಓದಿ. ನೀರು ಏರುವುದೇ ಕತೆಯನ್ನು ಮುಂದಕ್ಕೆ ತಳ್ಳುವ ಪುಸ್ತಕ, ಹಾಗಾಗಿ ‘ಸಂಸ್ಕಾರ’ದ ಮೊದಲರ್ಧ ಹಿಡಿಸಿದ ನಿಮಗೆ ಇದು ಖಂಡಿತ ಹಿಡಿಸುತ್ತದೆ. ಚಿಕ್ಕದು, ಬಸ್ಸಿಗೂ ಆದೀತು. ಗಿರೀಶ್ ಕಾಸರವಳ್ಳಿಯವರ 2002ರ ಸಿನಿಮಾ ಮೊದಲು ನೋಡಬೇಡಿ, ಪುಸ್ತಕ ಮುಗಿಸಿ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದದ್ದು, ಶರಾವತಿ ಹಿನ್ನೀರಿನಲ್ಲಿ ಊರೂರೇ ಮುಳುಗಿದ್ದು ನಿಮಗೆ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿ ಗೊತ್ತಿರುತ್ತದೆ. ಡಿಸೋಜ ಸಾಗರದವರು, ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಅದನ್ನು ಹತ್ತಿರದಿಂದ ಕಂಡವರು. ಅವರು ತೀರಿಹೋದದ್ದು 2025ರ ಜನವರಿಯಲ್ಲಿ, ಆ ಹಿನ್ನೀರಿನ ಮೇಲೆ ಸಿಗಂದೂರಿನ ಕಡೆಯವರು ದಶಕಗಟ್ಟಲೆ ಕಾದ ಸೇತುವೆ ಸಂಚಾರಕ್ಕೆ ತೆರೆದದ್ದು ಅದೇ ವರ್ಷ ಜುಲೈನಲ್ಲಿ. ಹೊಸ ಸೇತುವೆ ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಿದ್ದಾರೆ. ನೀವೂ ಹೋಗುವುದಿದ್ದರೆ ಪುಸ್ತಕ ಓದಿಕೊಂಡು ಹೋಗಿ.

ಓದುವಾಗ ಪೆನ್ಸಿಲ್ ಇಟ್ಟುಕೊಳ್ಳಿ. ಲೈಬ್ರರಿ ಪುಸ್ತಕವಾದರೆ ಗೀಚಬೇಡಿ, ಪುಟದ ನಂಬರನ್ನು ಬಸ್ ಟಿಕೆಟಿನ ಹಿಂದೆ ಬರೆದಿಡಿ. ಓದಿ ಮುಗಿಸಿ ಮತ್ತೆ ಬರೆಯಿರಿ. ಚೆನ್ನಾಗಿದೆ, ಚೆನ್ನಾಗಿಲ್ಲ ಏನಾದರೂ ಸರಿ, ಪುಟದ ನಂಬರು ಮಾತ್ರ ಇರಲಿ.